ತಾರಿ ಮರದ ಕೆಮ್ಮು

ಮರದ ಒಳಗೆ ಕೊಳೆತಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಮಳೆಗಾಲಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ಫೋನುಗಳು ಶುರುವಾಗುತ್ತವೆ. ಶಾಲೆಯ ಹಿಂದಿನ ಮರ, ಬಸ್ ನಿಲ್ಲುವಲ್ಲಿ ವಾಲಿಕೊಂಡ ಮರ, ಕೊಟ್ಟಿಗೆಗೆ ತಾಗಿದ ಮರ. ಶಿರಸಿ ಹತ್ತಿರದ ಇಸಳೂರಿನಲ್ಲಿ ನಾನೂ ಅಪ್ಪನೂ ಇರುವ ಬಾಡಿಗೆ ಮನೆಯಿಂದ ಬೆಳಿಗ್ಗೆ ಸ್ಕೂಟರು ಹೊರಟರೆ ಒಂದು ದಿನ ಸಿದ್ದಾಪುರದ ಕಡೆ, ಒಂದು ದಿನ ಯಲ್ಲಾಪುರದ ಕಡೆ. ಚೀಲದಲ್ಲಿ ಒಂದು ಮರದ ಸುತ್ತಿಗೆ, ಕಬ್ಬಿಣದ ಸರಳು, ಟೇಪು, ಬ್ಯಾಟರಿಯ ಡ್ರಿಲ್ಲು. ಡ್ರಿಲ್ಲಿನ ಮೊನೆ ಸ್ವೆಟರ್ ಹೆಣೆಯುವ ಕಡ್ಡಿಯಷ್ಟು ತೆಳು, ಒಂದು ಮೊಳ ಉದ್ದ.

ನಾನು ಅರಣ್ಯಶಾಸ್ತ್ರದ ಪದವೀಧರೆ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹತ್ತನೇ ಇಯತ್ತೆ ಮುಗಿಸಿದವರು ಯಾರೂ ಇಲ್ಲ. ಅಪ್ಪ ಮರ ಕಡಿಯುವವನು. ಅವ್ವ ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ತೀರಿಕೊಂಡಳು. ಆಮೇಲೆ ನನ್ನ ತಲೆ ಬಾಚಿ, ಎರಡು ಜಡೆ ಹಾಕಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ಅಪ್ಪನ ಜೊತೆಗಾರನ ಹೆಂಡತಿ. ಗರಗಸದ ಆ ತುದಿ ಅವಳ ಗಂಡ, ಈ ತುದಿ ನನ್ನ ಅಪ್ಪ. ಇಪ್ಪತ್ತು ವರ್ಷ ಇಬ್ಬರೂ ಹಾಗೇ ಎಳೆದವರು. ಅವನನ್ನು ಚಿಕ್ಕಪ್ಪ ಎಂದೆ, ಅವಳನ್ನು ಚಿಕ್ಕಿ ಎಂದೆ. ರಕ್ತಸಂಬಂಧ ಯಾವುದೂ ಇರಲಿಲ್ಲ.

ಅಪ್ಪನ ಕಿವಿಗೆ ಹೆಸರಿತ್ತು. ಮರ ಕಡಿಯುವ ಮೊದಲು ಕೊಡಲಿಯನ್ನು ತಿರುಗಿಸಿ ಅದರ ಬೆನ್ನಿನಿಂದ ಬುಡಕ್ಕೆ ಬಡಿದು, ತೊಗಟೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಗಟ್ಟಿ ಮರ ಏಟಿಗೆ ತಿರುಗಿ ಉತ್ತರ ಕೊಡುತ್ತದೆ. ಪೊಳ್ಳು ಮರ ಡೊಬ್ ಎನ್ನುತ್ತದೆ, ಅದು ಯಾರಿಗೂ ಗೊತ್ತಾಗುತ್ತದೆ. ಒಳಗೆ ಕೊಳೆತು ನೀರು ಹಿಡಿದ ಮರ ಇದೆಯಲ್ಲ, ಮೋಸ ಇರುವುದು ಅದರಲ್ಲಿ. ಅದು ಸದ್ದು ಮಾಡುವುದಿಲ್ಲ, ಏಟನ್ನು ನುಂಗಿಕೊಳ್ಳುತ್ತದೆ. ನುಂಗಿದ್ದನ್ನು ಗುರುತಿಸುವುದಕ್ಕೇ ಅಪ್ಪನಂಥ ಕಿವಿ ಬೇಕು. ಕಾಲೇಜಿನಲ್ಲಿ ಸರ್ ಒಂದು ಮರಕ್ಕೆ ಸುತ್ತಿಗೆ ಬಡಿದು "ಏನು ಕೇಳಿಸಿತು?" ಎಂದಾಗ ಇಡೀ ತರಗತಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ನಾನೊಬ್ಬಳೇ ಕೈಯೆತ್ತಿ, "ನೀರು ನಿಂತಿದೆ ಸರ್, ಎದೆಮಟ್ಟದ ತನಕ" ಎಂದೆ. ಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಂಗ್ಲಿಷಿನಲ್ಲಿ ಬರೆಯಲು ಒದ್ದಾಡುತ್ತಿದ್ದ ಹುಡುಗಿ ಅವತ್ತಿನಿಂದ ಮುಂದಿನ ಬೆಂಚಿನಲ್ಲಿ ಕೂತಳು.

ಅದೇ ಹೊತ್ತಿಗೆ ಅಪ್ಪನ ಕಿವಿ ಹೋಗುತ್ತಿತ್ತು. ಮಿಷನ್ ಗರಗಸ ಬಂದ ಮೇಲೆ ಆರೇಳು ವರ್ಷ ಅದು ಅವನ ಬಲಗಿವಿಯ ಪಕ್ಕದಲ್ಲೇ ಕೂಗಿತ್ತು. ಕಿವಿಗೆ ಮುಚ್ಚಳ ಹಾಕಿಕೊಳ್ಳಬೇಕು ಎಂದು ಅವನಿಗೆ ಹೇಳಿದವರಿಲ್ಲ. ಕೊನೆಯ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ಗೊತ್ತಾಯಿತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಚೊಂಯ್ ಎಂದರೂ ಪಕ್ಕದಲ್ಲೇ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ. ಎದುರು ನಿಂತು ಮಾತಾಡಿದರೆ ಮಾತ್ರ ತುಟಿ ನೋಡಿ ಉತ್ತರ ಕೊಡುತ್ತಿದ್ದ. ಮರದ ಕೆಲಸದವರೆಲ್ಲ ಜೋರಾಗಿಯೇ ಮಾತಾಡುವವರು, ಹಾಗಾಗಿ ಚಿಕ್ಕಪ್ಪನಿಗೂ ತಿಳಿದಿರಲಿಲ್ಲ.

"ಅಪ್ಪಾ, ಶಿರಸಿಗೆ ಹೋಗಿ ಕಿವಿ ತೋರ್ಸುವಾ" ಎಂದೆ.

ಅವನು ನನ್ನ ತುಟಿ ನೋಡಿ, ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ ಹೇಳಿದ. "ನಿನ್ನ ಓದು ಮುಗೀಲಿ ಮಗಾ. ಕಿವಿ ಇಲ್ಲ ಅಂದ್ರೆ ನನ್ನ ಮರಕ್ಕೆ ಯಾರು ಕರೀತ್ರು? ಯಾರ ಹತ್ರಾನೂ ಹೇಳ್ಬೇಡ. ನಿನ್ನ ಚಿಕ್ಕಪ್ಪನ ಹತ್ರಾನೂ."

ನಾನು ಹೇಳಲಿಲ್ಲ. ಅವನು ಹೇಳಬೇಡ ಎಂದಿದ್ದಕ್ಕೆ ಮಾತ್ರವಲ್ಲ. ಇನ್ನೊಂದೇ ಪರೀಕ್ಷೆ ಉಳಿದಿತ್ತು, ನನಗೆ ಆ ಪದವಿ ಬೇಕಿತ್ತು.

ಅದಾಗಿ ಹದಿನೈದು ದಿನ ಆಗಿರಬಹುದು. ಸಿದ್ದಾಪುರದ ಕಡೆ ಒಬ್ಬರ ಜಾಗದಲ್ಲಿ ದೊಡ್ಡ ಮತ್ತಿ ಮರ. ಅಪ್ಪ ಕೊಡಲಿಯ ಬೆನ್ನಿನಿಂದ ಬಡಿದು, ಕಿವಿ ಹಚ್ಚಿ, "ಗಟ್ಟಿ ಇದೆ" ಎಂದ. ಚಿಕ್ಕಪ್ಪ ಎರಡನೇ ಮಾತು ಕೇಳಲಿಲ್ಲ. ಅಪ್ಪ ಮಿಷನ್ ಹಿಡಿದ, ಚಿಕ್ಕಪ್ಪ ಹಿಂದೆ ನಿಂತು ಬೆಣೆ ಬಡಿಯುತ್ತಿದ್ದ. ಒಳಗೆ ಪೊಳ್ಳಾದ ಮರ ಬೀಳುವಾಗ ಕೆಲವೊಮ್ಮೆ ಬುಡದಲ್ಲಿ ಮುರಿಯುವ ಬದಲು ಉದ್ದಕ್ಕೆ ಸೀಳುತ್ತದೆ. ಸೀಳಿದ ಅರ್ಧ ಮೇಲೆ ಎದ್ದು ಹಿಂದಕ್ಕೆ ಒದೆಯುತ್ತದೆ. ಓಡುವುದಕ್ಕೆ ಹೊತ್ತಿರುವುದಿಲ್ಲ. ಹಿಂದೆ ನಿಂತಿದ್ದವನು ಚಿಕ್ಕಪ್ಪ.

ಮಣ್ಣು ಮಾಡಿ ಬಂದ ದಿನ ಚಿಕ್ಕಿ ಅಳುತ್ತ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ನಮ್ಮ ಕಡೆ ದೊಡ್ಡ ಮರಕ್ಕೆ ಕೊಡಲಿ ಹಾಕುವ ಮೊದಲು ಮರವನ್ನು ಕೇಳುತ್ತಾರೆ. ಬುಡದಲ್ಲಿ ಒಂದು ತೆಂಗಿನಕಾಯಿ ಒಡೆದು, "ಇಲ್ಲಿದ್ದವರು ಎದ್ದು ಬೇರೆ ಕಡೆ ಹೋಗಿ" ಎಂದು ಕೈಮುಗಿಯುವುದು. ಆ ಕಾಯಿ ಕೆಲಸಗಾರನ ಮನೆಯಿಂದಲೇ ಹೋಗಬೇಕು, ಹೆಂಡತಿ ಬುತ್ತಿಯ ಜೊತೆ ಕಟ್ಟಿ ಕೊಡಬೇಕು. ಮತ್ತಿ ಮರ ಕಡಿಯುವ ಹಿಂದಿನ ದಿನ ಚಿಕ್ಕಿ ಮನೆಯಲ್ಲಿದ್ದ ಒಂದೇ ಕಾಯಿಯನ್ನು ಸಾರಿಗೆ ಒಡೆದಿದ್ದಳು. ಬರಿಗೈಯಲ್ಲಿ ಕಳಿಸಿದ್ದಳು. "ಒಂದು ಕಾಯಿಗಾಗಿ ಕಳ್ಕೊಂಡೆ, ನಾನೇ ಕೊಂದೆ" ಎಂದು ನೆಲಕ್ಕೆ ಹಣೆ ಬಡಿದುಕೊಂಡಳು. ಹೆಂಗಸರೆಲ್ಲ ಸೇರಿ ಹಿಡಿದುಕೊಂಡರು. ಅಪ್ಪ ಮೂಲೆಯಲ್ಲಿ ಕೂತಿದ್ದ. ನಾನು ಚಿಕ್ಕಿಯ ಬೆನ್ನು ಸವರುತ್ತಿದ್ದೆ.

ಅವಳ ಆ ಮಾತು ನಮಗೆ ಅನುಕೂಲವಾಗಿತ್ತು. ಇದನ್ನು ಬರೆಯದೆ ಉಳಿದದ್ದನ್ನು ಬರೆದರೆ ಅರ್ಥವಿಲ್ಲ.

ಅಪ್ಪ ಮತ್ತೆ ಕೊಡಲಿ ಮುಟ್ಟಲಿಲ್ಲ. ನರ್ಸರಿಯೊಂದರಲ್ಲಿ ಸಸಿಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿದ. ನಾನು ಪರೀಕ್ಷೆ ಬರೆದೆ, ಪಾಸಾದೆ. ಚಿಕ್ಕಿ ಯಲ್ಲಾಪುರದ ಕಡೆ ವಜ್ರಳ್ಳಿಯಿಂದ ಸ್ವಲ್ಪ ಆಚೆ, ತಮ್ಮನ ಮನೆಯ ಎದುರು ಸಣ್ಣದೊಂದು ಹೆಂಚಿನ ಮನೆ ಮಾಡಿಕೊಂಡು, ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ ಉಳಿದಳು. ಹಬ್ಬಕ್ಕೆ ನಾನು ಹೋದರೆ ಮೊದಲಿನ ಹಾಗೇ ತಲೆಗೆ ಎಣ್ಣೆ ಹಾಕುತ್ತಿದ್ದಳು. "ಕೂದ್ಲು ಎಂತ ಆಯ್ತೇ ಮಾರಾಯ್ತಿ, ಓದಿ ಓದಿ ಉದುರಿ ಹೋಯ್ತಾ?" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹೀಗೆ ಹದಿನಾಲ್ಕು ವರ್ಷ.

ಕಳೆದ ಬೇಸಿಗೆಯಲ್ಲಿ ಆ ಊರಿನ ಪಂಚಾಯ್ತಿ ಸದಸ್ಯ ಹೆಗಡೇರಿಂದ ಫೋನು ಬಂತು. ಅಡಿಕೆ ತೋಟದವರು, ಮಾತು ಮೆದು. "ಮೇಡಂ, ರಸ್ತೆ ಬದಿಯ ತಾರಿ ಮರ ನೋಡಬೇಕಿತ್ತು. ಕೆಳಗೆ ಒಂದು ಮನೆ ಇದೆ. ಆ ಹೆಂಗಸು ಮರ ಮುಟ್ಟಲಿಕ್ಕೇ ಬಿಡೂದಿಲ್ಲ." ಯಾವ ಮನೆ ಎಂದು ನಾನು ಕೇಳಲಿಲ್ಲ. ಆ ತಾರಿ ಮರದ ಕೆಳಗೆ ಕೂತು ಎಣ್ಣೆ ಹಾಕಿಸಿಕೊಂಡವಳು ನಾನು. ಅದನ್ನು ಒಮ್ಮೆಯೂ ಕೆಲಸದ ಕಣ್ಣಿನಿಂದ ನೋಡಿರಲಿಲ್ಲ.

ಹೋಗಿ ನೋಡಿದೆ. ಮೇಲೆಲ್ಲ ಹೊಸ ಎಲೆ, ಹಸಿರೋ ಹಸಿರು. ಎಲೆ ಹಸಿರಿದ್ದರೆ ಮರ ಗಟ್ಟಿ ಎಂದು ಜನ ತಿಳಿಯುತ್ತಾರೆ. ಮರ ಬದುಕುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ನಿಲ್ಲುವುದು ಒಳಗಿನ ಗಟ್ಟಿ ಚೇಗಿನ ಬಲದಿಂದ. ಚೇಗು ಪೂರ್ತಿ ಕೊಳೆತರೂ ಎಲೆ ಬರುತ್ತಲೇ ಇರುತ್ತದೆ. ನಾನು ಎಲೆ ಬಿಟ್ಟು ಬುಡ ನೋಡಿದೆ. ಬುಡ ಶೀಸೆಯ ಹಾಗೆ ಊದಿಕೊಂಡಿತ್ತು. ಮನೆಗೆ ವಿರುದ್ಧ ದಿಕ್ಕಿನ ಬದಿಯಲ್ಲಿ ಬೇರಿನ ಪಕ್ಕದ ಮಣ್ಣು ಕೈಬೆರಳು ಹೋಗುವಷ್ಟು ಬಿರಿದಿತ್ತು, ಅಂದರೆ ಮರ ಮನೆಯ ಕಡೆ ಜರುಗುತ್ತಿತ್ತು. ಎರಡು ಬೇರುಗಳ ನಡುವೆ, ಸಣ್ಣದೊಂದು ಚೌಡಿ ದೇವರ ಕಲ್ಲಿನ ಮೇಲ್ಗಡೆ, ತೊಗಟೆಯಿಂದ ಹೊರಗೆ ಚಾಚಿಕೊಂಡಿದ್ದ ಒಂದು ಅಣಬೆ. ಮೊರದಷ್ಟು ಅಗಲ, ಕಟ್ಟಿಗೆಯಷ್ಟು ಗಡಸು, ಅಂಚು ಬಿಳಿ, ಮೇಲೆ ಕೆಂಪು ಹೊಳಪು. ಅದರ ಮೇಲೆ ಅರಿಶಿನ, ಕುಂಕುಮ, ಒಣಗಿದ ದಾಸವಾಳ. ಕೆಳಗೆ ಹಣತೆಯ ಮಸಿ.

ಕಾಂಡದ ಬುಡದಲ್ಲಿ ಇಂಥ ಅಣಬೆ ಕಂಡರೆ ನನ್ನಂಥವರು ಬೇರೇನನ್ನೂ ನೋಡಬೇಕಾಗಿಲ್ಲ. ಒಳಗೆ ಎಷ್ಟೋ ವರ್ಷ ತಿಂದು ತಿಂದು ಹೊಟ್ಟೆ ತುಂಬಿದ ಮೇಲೆ ಅದು ಹೊರಗೆ ಮುಖ ತೋರಿಸುವುದು.

"ಅದು ಚೌಡಿಯ ನಾಲಿಗೆ" ಎಂದಳು ಚಿಕ್ಕಿ, ಹಿಂದಿನಿಂದ. ಬಿಸಿಯೂಟ ಮುಗಿಸಿ ಬಂದಿದ್ದಳು, ಸೆರಗಿಗೆ ಒಗ್ಗರಣೆಯ ವಾಸನೆ. "ಅವರು ಹೋದ ಮರುವರ್ಷ ಬಂತು. ಪ್ರತಿ ವರ್ಷ ಒಂದು ಪದರ ಬೆಳೀತ್ತು. ಕಾಯಿ ಕೊಡದೇ ಕಳ್ಸಿದ್ದೆ ಅಲ್ಲನಾ, ಕೇಳೂಕೆ ಬಂದದ್ದು. ನಾ ದಿನಾ ದೀಪ ಇಡ್ತೆ."

ನಾನು ಡ್ರಿಲ್ಲು ತೆಗೆದೆ.

"ಅಯ್ಯ, ಮರಕ್ಕೆ ಇಂಜೆಕ್ಷನ್ ಕೊಡೂಕೆ ಬಂದ್ಯಾ? ಡಾಕ್ಟ್ರಮ್ಮ ಆಗಿದ್ದು ನಂಗೆ ಹೇಳ್ಲೇ ಇಲ್ಲ!"

"ಇದೂ ಡಾಕ್ಟರ ಕೆಲಸವೇ ಚಿಕ್ಕಿ."

ನಾಲ್ಕು ಕಡೆ ತೂತು ಹಾಕಿದೆ. ಗಟ್ಟಿ ಮರದಲ್ಲಿ ಡ್ರಿಲ್ಲು ನರಳುತ್ತ ಹೋಗುತ್ತದೆ, ಕೈ ನೋಯುತ್ತದೆ. ಇಲ್ಲಿ ಸ್ವಲ್ಪ ಹೊತ್ತು ನರಳಿ, ಆಮೇಲೆ ಯಾರೋ ಒಳಗಿನಿಂದ ಎಳೆದುಕೊಂಡ ಹಾಗೆ ಸರ್ರನೆ ಪೂರ್ತಿ ಹೋಯಿತು. ಹೊರಗೆ ಬಂದ ಪುಡಿ ಒದ್ದೆ ಕಾಫಿ ಗಸಿಯ ಹಾಗಿತ್ತು. ಮಧ್ಯದಿಂದ ತೊಗಟೆಯ ತನಕ ಅಳೆದರೆ ಮೂರರಲ್ಲಿ ಒಂದು ಪಾಲಾದರೂ ಗಟ್ಟಿ ಇರಬೇಕು ಎಂಬುದು ನಮ್ಮ ಲೆಕ್ಕ. ಇಲ್ಲಿ ಮನೆಯ ಕಡೆಯ ಬದಿಯಲ್ಲಿ ಆರರಲ್ಲಿ ಒಂದೂ ಇರಲಿಲ್ಲ.

ಸಂಜೆ ಜಗಲಿಯಲ್ಲಿ ಚಹಾ ಕೊಟ್ಟಳು. ಘಟ್ಟದ ಕಡೆಯಿಂದ ಗಾಳಿ ಎದ್ದಿತು. ಆಗ ಮರದೊಳಗಿಂದ ಆ ಸದ್ದು ಬಂತು. ಎರಡು ಗಿಡ್ಡ, ಒಂದು ಉದ್ದ. ಖಕ್, ಖಕ್, ಖಽಽ.

ಚಿಕ್ಕಿ ಲೋಟ ಕೆಳಗಿಟ್ಟಳು. "ಕೇಳ್ತಾ? ಅವರೇ. ಅದೇ ಬೀಡಿ ಕೆಮ್ಮು. ಈ ಎರಡು ವರ್ಷದಿಂದ ದಿನಾ ಸಂಜೆ ಕೆಮ್ತ್ರು. ಈ ಮರ ಕಡೀರಿ ಅಂತ ನಾ ಹೆಂಗೆ ಹೇಳ್ಲಿ?"

ಅದು ಏನೆಂದು ನನಗೆ ಗೊತ್ತು. ಭಾರ ತಾಳದೆ ಒಳಗಿನ ನಾರುಗಳು ಒಂದೊಂದಾಗಿ ಹರಿಯುವ ಸದ್ದು. ಪುಸ್ತಕದಲ್ಲಿದೆ. ಆದರೂ ಹೇಳುತ್ತೇನೆ, ಅದು ಚಿಕ್ಕಪ್ಪನ ಕೆಮ್ಮೇ ಆಗಿತ್ತು. ಶಾಲೆಯಿಂದ ಬರುವಾಗ ಬೇಲಿಯ ದಣಪೆ ದಾಟುವ ಮೊದಲೇ ಕೇಳುತ್ತಿದ್ದ ಕೆಮ್ಮು. ಮರದ ಕಡೆ ನೋಡುವುದಕ್ಕೆ ನನಗೆ ಧೈರ್ಯವಾಗಲಿಲ್ಲ. ಚಹಾ ತಣ್ಣಗಾಗುವ ತನಕ ಅಂಗಳದ ನೆಲವನ್ನೇ ನೋಡಿದೆ.

"ಚಿಕ್ಕಿ, ಈ ಮಳೆಗಾಲ ಇದು ನಿಲ್ಲೂದಿಲ್ಲ. ಬಿದ್ರೆ ನಿನ್ನ ಮಲಗೂ ಕೋಣೆ ಮೇಲೇ ಬೀಳೂದು. ಮರ ಹೋಗ್ಬೇಕು. ಅಲ್ಲೀವರೆಗೆ ನೀ ತಮ್ಮನ ಮನೆಗೆ ಹೋಗು."

"ನಿನ್ನ ಕಾಗ್ದ ನಂಗೆ ಬೇಡ." ಅವಳ ದನಿ ಗಡುಸಾಯಿತು. "ನಿನ್ನ ಅಪ್ಪ ಬರ್ಲಿ. ಅವರು ಕಿವಿ ಹಚ್ಚಿ ಹೋಗ್ಬೇಕು ಅಂದ್ರೆ ಹೋಗ್ಲಿ. ನಿನ್ನ ಚಿಕ್ಕಪ್ಪ ಕಡೇ ತನಕ ನಂಬಿದ್ದು ಆ ಕಿವಿ ಒಂದನ್ನೇ."

ಮನೆಗೆ ಬಂದು ಅಪ್ಪನ ಎದುರು ಕೂತು, ತುಟಿ ಕಾಣುವ ಹಾಗೆ, ಎಲ್ಲ ಹೇಳಿದೆ. ಡ್ರಿಲ್ಲಿನ ಲೆಕ್ಕ, ಬಿರಿದ ಮಣ್ಣು, ಅಣಬೆ. "ನೀನು ಬಂದು ಪೊಳ್ಳು ಅಂತ ಒಂದು ಮಾತು ಹೇಳಿದ್ರೆ ಸಾಕು" ಎಂದೆ. ಅವನು "ಹ್ಞೂಂ" ಎಂದ.

ಮರುದಿನ ಕರೆದುಕೊಂಡು ಹೋದೆ. ಪಂಚಾಯ್ತಿ ಸದಸ್ಯರು ಬಂದಿದ್ದರು, ಬನವಾಸಿ ಕಡೆಯ ಮಿಷನ್ ಗರಗಸದವನನ್ನೂ ಮರ ನೋಡಲಿ ಎಂದು ಕರೆಸಿದ್ದರು. ಅಪ್ಪ ನನ್ನ ಸುತ್ತಿಗೆ ತೆಗೆದುಕೊಂಡ. ಹದಿನಾಲ್ಕು ವರ್ಷದ ಮೇಲೆ ಅವನು ಒಂದು ಮರಕ್ಕೆ ಕಿವಿ ಹಚ್ಚಿದ್ದು ಅವತ್ತೇ. ಕೆನ್ನೆ ತೊಗಟೆಗೆ ಒತ್ತಿ, ಕಣ್ಣು ಮುಚ್ಚಿ, ಬಡಿದ. ಸ್ವಲ್ಪ ಸರಿದು ಮತ್ತೆ ಬಡಿದ. ಮರ ಒಂದೊಂದೇ ಏಟನ್ನು ನುಂಗಿತು. ನನಗೆ ಕೇಳಿಸಿತು. ಮಿಷನ್ನಿನವನೂ ತಲೆ ಅಲ್ಲಾಡಿಸಿ ಒಂದು ಹೆಜ್ಜೆ ಹಿಂದೆ ಸರಿದ.

ಅಪ್ಪ ಕಣ್ಣು ಬಿಟ್ಟ. ಎದುರಿಗೆ ಚಿಕ್ಕಿಯ ಮುಖ ಇತ್ತು. ಕೈ ಜೋಡಿಸಿಕೊಂಡು, ಉಸಿರು ಹಿಡಿದು ನಿಂತಿದ್ದಳು.

"ಗಟ್ಟಿ ಇದೆ" ಎಂದ ಅಪ್ಪ. "ಇನ್ನೂ ಹತ್ತು ಮಳೆಗಾಲ ಎಂತ ಆಗೂದಿಲ್ಲ."

ಯಾಕೆ ಹಾಗೆ ಹೇಳಿದೆ ಎಂದು ನಾನು ಇವತ್ತಿಗೂ ಕೇಳಿಲ್ಲ. ನನಗೆ ಅನ್ನಿಸುವುದು ಇಷ್ಟು. ಕಿವಿ ಹೋದ ಮೇಲೆ ಅಪ್ಪ ಬದುಕಿದ್ದು ಜನರ ಮುಖ ಓದಿ. ಎದುರಿನ ಮುಖಕ್ಕೆ ಯಾವ ಉತ್ತರ ಬೇಕೋ ಅದನ್ನೇ ಕೊಟ್ಟುಕೊಂಡು ಬಂದವನು. ಚಿಕ್ಕಿಯ ಮುಖಕ್ಕೆ ಗಟ್ಟಿ ಎಂಬ ಉತ್ತರ ಬೇಕಿತ್ತು.

ಚಿಕ್ಕಿ ಉಸಿರು ಬಿಟ್ಟಳು. "ಕೇಳಿದ್ರಾ ಹೆಗಡೇರೇ? ಇನ್ನು ನಿಮ್ಮ ಮಿಷನ್ನು ಗಿಷನ್ನು ತಕಂಡು ಹೋಗಿ. ಮಗಾ, ಒಳಗೆ ಬಾ, ಅವಲಕ್ಕಿ ಹಚ್ತೆ" ಎಂದು ಹೊಸಿಲ ಕಡೆ ತಿರುಗಿದಳು. ಆ ಹೊಸಿಲಿನಾಚೆ ಅವಳ ಮಂಚ ಕಾಣುತ್ತಿತ್ತು, ಮಡಚಿಟ್ಟ ಕಂಬಳಿ ಕಾಣುತ್ತಿತ್ತು.

ಡ್ರಿಲ್ಲಿನ ಪುಡಿ ತೋರಿಸಿದರೆ ನಂಬುತ್ತಿರಲಿಲ್ಲ. ಪದವಿಯ ಕಾಗದ ತೋರಿಸಿದರೂ ನಂಬುತ್ತಿರಲಿಲ್ಲ. ಅಪ್ಪನ ಕಿವಿಯ ಎದುರು ನಿಲ್ಲುವಂಥದ್ದು ನನ್ನ ಹತ್ತಿರ ಒಂದೇ ಇತ್ತು.

"ಚಿಕ್ಕಿ, ಅಪ್ಪಂಗೆ ಕಿವಿ ಕೇಳೂದಿಲ್ಲ" ಎಂದೆ.

"ವಯಸ್ಸಾಯ್ತಲ್ಲ, ಸ್ವಲ್ಪ..."

"ಸ್ವಲ್ಪ ಅಲ್ಲ. ಇವತ್ತಿಂದೂ ಅಲ್ಲ. ಆ ಮತ್ತಿ ಮರ ಬಡಿದ ದಿನವೂ ಕೇಳ್ತಿರ್ಲಿಲ್ಲ. ಚಿಕ್ಕಪ್ಪಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ನಾ ಹೇಳ್ಲಿಲ್ಲ. ನೀ ಕಾಯಿ ಕಳಿಸ್ದೇ ಹೋಗಿದ್ದಕ್ಕೆ ಎಂತದೂ ಆಗಿದ್ದಲ್ಲ. ಮರ ಕೊಳೆತಿತ್ತು."

ಹೆಗಡೇರ ಫೋನು ಹೊಡೆದುಕೊಂಡಿತು. ಅವರು ಪಕ್ಕಕ್ಕೆ ಹೋಗಿ ಮನೆಯವರಿಗೆ ಹವ್ಯಕ ಮಾತಿನಲ್ಲಿ, "ಆನು ಊಟಕ್ಕೆ ಬತ್ನಿಲ್ಲೆ, ಇಲ್ಲಿ ಮರದ ಕೆಲ್ಸ ಇದ್ದು" ಎಂದು ಪಿಸುಗುಟ್ಟಿದ್ದೂ ಕೇಳಿಸಿತು. ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದ. ಅವನಿಗೆ ಪ್ರತಿ ಶಬ್ದವೂ ತಿಳಿದಿತ್ತು. ಸುತ್ತಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟ.

ಚಿಕ್ಕಿ ಹೊಸಿಲು ಹಿಡಿದುಕೊಂಡು ನಿಂತಳು. ಆಮೇಲೆ ಒಳಗೆ ಹೋಗಿ, ಎರಡು ಸೀರೆ, ಕಂಬಳಿ, ಗಂಡನ ಫೋಟೋ ಗಂಟು ಕಟ್ಟಿಕೊಂಡು ಹೊರಗೆ ಬಂದಳು. ನಮ್ಮ ಯಾರ ಕಡೆಯೂ ನೋಡದೆ ರಸ್ತೆ ದಾಟಿ ತಮ್ಮನ ಮನೆಯ ಮೆಟ್ಟಿಲು ಹತ್ತಿದಳು. ಅವಳು ನಂಬಿದ್ದಳು.

ಮರ ತೆಗೆಯಲು ನಾಲ್ಕು ದಿನ ಬಿಟ್ಟು ಅನುಮತಿ ಸಿಕ್ಕಿತು. ಕೊಳೆತ ಮರ ಇಳಿಸುವುದು ಗಟ್ಟಿ ಮರ ಕಡಿದ ಹಾಗಲ್ಲ. ಮೊದಲನೆಯದಾಗಿ ಯಾರೂ ಅದನ್ನು ಹತ್ತಬಾರದು. ಮಿಷನ್ನಿನವನೇ ಮೊದಲು ಹೇಳಿದ. "ನೋಡ್ರಿ ಮೇಡಂ, ನಾ ಇದ್ರ ಮ್ಯಾಲೆ ಕಾಲಿಡೂದಿಲ್ರಿ. ನಂಗೂ ಹೇಣ್ತಿ ಮಕ್ಕಳು ಅದಾರ."

"ನೀವು ಹತ್ತುತ್ತೇನೆ ಅಂದಿದ್ದರೆ ನಿಮ್ಮನ್ನೇ ಬದಲಿಸುತ್ತಿದ್ದೆ" ಎಂದೆ. ಅವನು ಹಲ್ಲು ಬಿಟ್ಟ.

ಬುಟ್ಟಿ ಇರುವ ಕ್ರೇನು ತರಿಸಿದೆವು. ತಂತಿಯ ಕರೆಂಟು ಬಂದ್ ಮಾಡಿಸಿ, ರಸ್ತೆಯ ಎರಡೂ ಕಡೆ ಕಾವಲಿಗೆ ಜನ ನಿಲ್ಲಿಸಿದೆವು. ಅವನು ಬುಟ್ಟಿಯಲ್ಲಿ ನಿಂತು ಮನೆಯ ಕಡೆಯ ಟೊಂಗೆಗಳನ್ನು ತುದಿಯಿಂದ ತುಂಡು ತುಂಡಾಗಿ ಇಳಿಸಿದ. ಪ್ರತಿ ತುಂಡಿಗೂ ಹಗ್ಗ. ಭಾರವೆಲ್ಲ ಮನೆಯಿಂದ ಆಚೆಗಿನ ಬದಿಗೆ ಉಳಿಯಿತು. ಕಾಂಡದ ಮೇಲ್ಭಾಗಕ್ಕೆ ಉಕ್ಕಿನ ಹಗ್ಗ ಕಟ್ಟಿ, ದೂರದ ಗದ್ದೆ ಬಯಲಿನಲ್ಲಿ ನಿಂತ ಟ್ರ್ಯಾಕ್ಟರಿಗೆ ಬಿಗಿದೆವು. ಬುಡದಲ್ಲಿ ಕೊಯ್ಯಲಿಲ್ಲ. ಡ್ರಿಲ್ಲು ಹಾಕಿ ನೋಡುತ್ತ ಹೋಗಿ, ಗಟ್ಟಿ ಗೋಡೆ ಸ್ವಲ್ಪ ದಪ್ಪ ಸಿಕ್ಕಿದ ಎದೆಮಟ್ಟದಲ್ಲಿ ಗುರುತು ಹಾಕಿದೆ. ಗುರುತಿಗಿಂತ ಸ್ವಲ್ಪ ಮೇಲ್ಗಡೆ ಸರಪಳಿಯನ್ನು ಮೂರು ಸುತ್ತು ಬಿಗಿಸಿದೆ. ಮರ ಉದ್ದಕ್ಕೆ ಸೀಳದಿರಲಿ ಎಂದು. ಮಿಷನ್ನಿನವನು, "ನಾ ಬಿಗೀತೀನಿ, ಬಿಡ್ರಿ" ಎಂದರೂ ಬಿಡಲಿಲ್ಲ. ಹಿಂದಕ್ಕೆ ಓರೆಯಾಗಿ ಓಡಲು ಎರಡು ದಾರಿ ಸವರಿಸಿದೆ. ನೇರ ಹಿಂದೆ ಯಾರೂ ನಿಲ್ಲಬಾರದು ಎಂದು ಸುಣ್ಣದಲ್ಲಿ ಗೆರೆ ಎಳೆದೆ. ಎಳೆದ ಮೇಲೂ ಆ ಗೆರೆಯ ಒಳಗೆ ಯಾರೋ ನಿಂತಿದ್ದಾರೆ ಎಂದು ಮೂರು ಸಲ ತಿರುಗಿ ನೋಡಿದೆ. ಖಾಲಿ ಇತ್ತು.

ಮಿಷನ್ನು ಚಾಲೂ ಮಾಡುವ ಮೊದಲು ಅಪ್ಪ ಬುಡಕ್ಕೆ ಹೋಗಿ, ಅಣಬೆಯ ಎದುರು ನಿಂತು ಕೈಮುಗಿದು, ಇದ್ದವರು ಎದ್ದು ಹೋಗಿ ಎಂದ. ತನ್ನ ದನಿ ತನಗೇ ಕೇಳದ್ದರಿಂದ ಬಹಳ ಜೋರಾಗಿ ಹೇಳಿದ. ಎದುರು ಮನೆಯ ಮೆಟ್ಟಿಲ ಮೇಲೆ ಚಿಕ್ಕಿ ಕೂತಿದ್ದಳು. ತಲೆ ಎತ್ತಲಿಲ್ಲ.

ಮರ ಕೊನೆಗೊಮ್ಮೆ ಕೆಮ್ಮಿತು, ಎರಡು ಗಿಡ್ಡ, ಒಂದು ಉದ್ದ. ಉಕ್ಕಿನ ಹಗ್ಗ ಬಿಗಿಯಾಯಿತು. ಮರ ಬಯಲಿನ ಕಡೆಗೆ, ನಾವು ಗೊತ್ತು ಮಾಡಿದ್ದಲ್ಲಿಗೇ, ಬಿತ್ತು. ಮನೆಯ ಒಂದು ಹೆಂಚೂ ಒಡೆಯಲಿಲ್ಲ. ಹೆಗಡೇರು ಚಪ್ಪಾಳೆ ತಟ್ಟಲು ಹೋಗಿ, ಚಿಕ್ಕಿಯನ್ನು ನೋಡಿ ಕೈ ಇಳಿಸಿದರು.

ಧೂಳು ಇಳಿದ ಮೇಲೆ ಚಿಕ್ಕಿ ರಸ್ತೆ ದಾಟಿ ಬಂದಳು. ಕೊಯ್ದ ಜಾಗದಲ್ಲಿ ಬೊಡ್ಡೆ ಬಾವಿಯ ಹಾಗೆ ತೆರೆದುಕೊಂಡಿತ್ತು. ಒಳಗೆ ಕಪ್ಪು ನೀರು, ಕೈಯಿಟ್ಟರೆ ಹೂತು ಹೋಗುವಂಥ ಗಸಿ. ಸುತ್ತ ಒಂದು ತೆಳು ಗೋಡೆ. ಅವಳು ಬೊಡ್ಡೆಗೆ ಆತು ನಿಂತು, ಮನೆಯ ಕಡೆಯ ಬದಿಯಲ್ಲಿ ಆ ಗೋಡೆಗೆ ತನ್ನ ಬೆರಳುಗಳನ್ನು ಅಡ್ಡಲಾಗಿ ಹಚ್ಚಿ ಅಳೆದಳು. ಐದು ಬೆರಳು. ಆಮೇಲೆ ಬಂದು ಅಪ್ಪನ ಎದುರು ನಿಂತು, ಅವನಿಗೆ ತುಟಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ ಕೇಳಿದಳು.

"ಭಾವಾ, ಆ ಮತ್ತಿ ಮರದ್ದು ಎಷ್ಟಿತ್ತು?"

ಅಪ್ಪ ಆ ಮರದ ಮಾತು ಎಂದೂ ಆಡಿದವನಲ್ಲ. ನನ್ನ ಹತ್ತಿರವೂ ಇಲ್ಲ. ಬಲಗೈ ಎತ್ತಿ ಮೂರು ಬೆರಳು ತೋರಿಸಿದ.

ಅವನೂ ಅವತ್ತು ಅಳೆದಿದ್ದ ಎಂದು ಆಗ ಗೊತ್ತಾಯಿತು. ಜೊತೆಗಾರ ಬಿದ್ದಿದ್ದಾಗ ಅಳೆದನೋ, ಆಮೇಲೆ ಒಬ್ಬನೇ ಹೋಗಿ ಅಳೆದನೋ ತಿಳಿಯದು. ಬೆರಳುಗಳು ಗಾಳಿಯಲ್ಲಿ ಹಾಗೇ ನಿಂತಿದ್ದವು.

ಚಿಕ್ಕಿ ಆ ಬೆರಳುಗಳನ್ನು ನೋಡಿದಳು. ಆಮೇಲೆ ಅವನಿಗೆ ಬೆನ್ನು ಮಾಡಿ, ನನ್ನ ಕಡೆ ತಿರುಗಿ ಹೇಳಿದಳು. ಕೂಗಲಿಲ್ಲ.

"ಭಾವಂಗೆ ಕಿವಿ ಇರ್ಲಿಲ್ಲ. ನಿಂಗೆ ಇತ್ತಲ್ಲ. ಹದಿನಾಲ್ಕು ವರ್ಷ ನಾ ಅಳೂದನ್ನ ಕೇಳ್ತಾ ನನ್ನ ಹತ್ರ ತಲೆ ಬಾಚಿಸ್ಕಂಡೆ. ಅವರು ಬಂದ್ರೆ ಬರ್ಲಿ, ಒಂದು ಲೋಟ ಚಾ ಕೊಡ್ತೆ. ನೀ ಬರ್ಬೇಡ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮನೆಯ ಮೇಲೆ ಮೊದಲ ಸಲ ಬಿಸಿಲು ಬಿದ್ದಿತ್ತು.

ವಾಪಸು ಬರುವಾಗ ಉಮ್ಮಚಗಿಯ ಹತ್ತಿರ ಅಪ್ಪ ನನ್ನ ಹೆಗಲು ತಟ್ಟಿದ. "ಅವಳು ನಂಗೆ ಬೆನ್ನು ಮಾಡಿ ಎಂತ ಹೇಳಿದ್ಲು?"

ಚಾ ಕುಡಿದು ಹೋಗಿ ಅಂದಳು ಎಂದು ಹೇಳಬಹುದಿತ್ತು. ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಅವನ ಎದುರು ನಿಂತು, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅಪ್ಪ ಕೇಳಿಸಿಕೊಂಡ, ಅಂದರೆ ನೋಡಿದ.

"ಹೇಳ್ಬೇಡ ಅಂದವ ನಾನು" ಎಂದ. "ತಿರುಗ್ಸು ಗಾಡಿ. ನಾ ಹೋಗಿ ಹೇಳ್ತೆ. ಮಗಳದ್ದು ತಪ್ಪಲ್ಲ, ಹೇಳ್ಬೇಡ ಅಂದವ ನಾನು ಅಂತ ಹೇಳ್ತೆ."

ರಸ್ತೆ ಖಾಲಿ ಇತ್ತು, ತಿರುಗಿಸಲು ಜಾಗವೂ ಇತ್ತು. ಅಪ್ಪ ಹೇಳಿದ್ದು ನಿಜ. ಹೇಳಬೇಡ ಎಂದವನು ಅವನೇ. ಆದರೆ ಅವನು ಹಾಗೆ ಹೇಳದೇ ಇದ್ದಿದ್ದರೂ ಆ ಹದಿನೈದು ದಿನ ನಾನು ಬಾಯಿ ಬಿಡುತ್ತಿರಲಿಲ್ಲ. ಅದು ನನಗೆ ಗೊತ್ತು.

ಹೆಲ್ಮೆಟ್ ಹಾಕಿಕೊಂಡೆ. ಅಪ್ಪ ಹಿಂದೆ ಕೂರುವ ತನಕ ಕಾದೆ. ಶಿರಸಿಯ ಕಡೆಗೇ ಹೊರಟೆ.